ಸಾಹುಕಾರರ ಆಮೆಗೆ ಪೆಟ್ಟಾದ ವಾರ

ಊರಿಗೆ ಹೋಗುವವರೆಲ್ಲ ತಮ್ಮ ಪ್ರೀತಿಯ ವಸ್ತುವನ್ನು ತಂದು ನನ್ನ ಕೈಗೇ ಯಾಕೆ ಕೊಡುತ್ತಾರೋ, ಕೊಟ್ಟ ಮೇಲೆ ಅದಕ್ಕೇ ಯಾಕೆ ಏನಾದರೂ ಆಗುತ್ತದೋ, ನನಗಂತೂ ಇವತ್ತಿಗೂ ತಿಳಿದಿಲ್ಲ. ಒಬ್ಬರ ತುಳಸಿ ಒಣಗಿದೆ. ಇನ್ನೊಬ್ಬರ ಸ್ಕೂಟಿ ನಮ್ಮ ಅಂಗಳದಲ್ಲಿ ನಿಂತಲ್ಲೇ ಪಂಕ್ಚರ್ ಆಗಿದೆ. ಮೊದಲೇ ನನ್ನದು ಪುಕ್ಕಲು ಸ್ವಭಾವ. ಹಾಗಿದ್ದೂ ಈ ದಸರಾ ರಜೆಯಲ್ಲಿ ನಮ್ಮ ಮನೆ ಮಾಲೀಕರು ಶ್ರೀಶೈಲಕ್ಕೆ ಹೊರಟಾಗ ತಮ್ಮ ಆಮೆಯನ್ನು ನನಗೆ ಒಪ್ಪಿಸಿದರು.

ನಾವಿರುವುದು ಸಿಂಧನೂರಿನಲ್ಲಿ, ಅವರ ಮನೆಯ ಕೆಳಗಿನ ಭಾಗದಲ್ಲಿ. ನಾನು ಮಸ್ಕಿಯ ಶಾಲೆಯಲ್ಲಿ ಟೀಚರ್. ಮಾಲೀಕರು ಭತ್ತದ ವ್ಯಾಪಾರದವರು, ಎಲ್ಲರಿಗೂ ಸಾಹುಕಾರರು. ಅವರ ಹೆಂಡತಿಯನ್ನು ನಾವು ಅಕ್ಕಾರು ಅನ್ನುತ್ತೇವೆ. ಇಬ್ಬರೂ ಪೂಜೆಯಾಗದೆ ನೀರು ಮುಟ್ಟುವವರಲ್ಲ. ಆಮೆ ಅಕ್ವೇರಿಯಂ ಅಂಗಡಿಯಿಂದ ತಂದದ್ದು, ಕೆನ್ನೆಯ ಮೇಲೆ ಕೆಂಪು ಪಟ್ಟಿಯಿದೆ, ಹೆಸರು ಮಲ್ಲಣ್ಣ. ಮಕ್ಕಳಿಲ್ಲದ ಮನೆಗೆ ಅದೇ ಮಗ.

"ಬರೇ ಪಾಲಕ್ ಹಾಕವ್ವ. ನಮ್ಮದು ಶುದ್ಧ ಶಾಕಾಹಾರಿ ಆಮಿ," ಎಂದರು ಅಕ್ಕಾರು. ಪಕ್ಕದಲ್ಲಿದ್ದ ಸಾಹುಕಾರರೂ ಗಂಭೀರವಾಗಿ ತಲೆಯಾಡಿಸಿದರು.

೧. ಕೋತಿಯ ಕೆಲಸ

ಬಿಸಿಲು ಕಾಯಲಿ ಎಂದು ಆಮೆಯ ಟಬ್ಬನ್ನು ಮಾಳಿಗೆಯ ಮೇಲಿಟ್ಟು ಬಟ್ಟೆ ಒಣಹಾಕುತ್ತಿದ್ದೆ. ಕೋತಿಯೊಂದು ಬಂದು ಮಲ್ಲಣ್ಣನನ್ನು ಎತ್ತಿತು. ತಿರುಗಿಸಿ ನೋಡಿತು, ಕಡಿದು ನೋಡಿತು, ಇದು ತೆಂಗಿನಕಾಯಿಯಲ್ಲ ಎಂದು ಗೊತ್ತಾದ ಕೂಡಲೇ ಕೆಳಗೆ ಎಸೆಯಿತು. ಕೆಳಗೆ ಬಟ್ಟೆ ಒಗೆಯುವ ಕಲ್ಲು.

ಓಡಿ ಬಂದು ನೋಡಿದರೆ ಚಿಪ್ಪಿನ ಅಂಚು ಸೀಳಿ ರಕ್ತ ಜಿನುಗುತ್ತಿತ್ತು. ನಮ್ಮ ಮನೆಯವರು ಅರಿಷಿಣದ ಡಬ್ಬಿ ತಂದರು. ನಾನು, ಯಾಕೋ ಗೊತ್ತಿಲ್ಲ, ಟೂತ್‌ಪೇಸ್ಟ್ ತಂದಿದ್ದೆ. ಪಕ್ಕದ ಮನೆಯ ಬೋರ್‌ವೆಲ್ ಮೆಕ್ಯಾನಿಕ್ ಕಾಂಪೌಂಡ್ ಹಾರಿ ಬಂದು ಜೇಬಿನಿಂದ ಪೈಪಿಗೆ ಹಚ್ಚುವ ಅಂಟು ತೆಗೆದ.

"ಸರೀರಿ ಟೀಚರ್. ಎಂಥೆಂಥಾ ಪೈಪ್ ಸೀಳಿದ್ದು ಕೂಡಿಸೀನಿ, ಇದ್ಯಾವ ಲೆಕ್ಕ?"

ಪುಣ್ಯಕ್ಕೆ ಅಷ್ಟರಲ್ಲಿ ನಮ್ಮ ಪರಿಚಯದ ದನದ ಡಾಕ್ಟರು ಫೋನಿಗೆ ಸಿಕ್ಕರು. "ಅಂಟು ಬ್ಯಾಡ, ಅರಿಷಿಣ ಬ್ಯಾಡ, ಪೇಸ್ಟ್ ಅಂತೂ ಮೊದಲ ಬ್ಯಾಡ್ರಿ. ಸಲೈನ್ ನೀರಿಂದ ಮೆಲ್ಲಕ ತೊಳದು, ಸ್ವಚ್ಛ ಬಟ್ಟಿ ಒತ್ತಿ ಹಿಡೀರಿ. ರಕ್ತ ನಿಂತ ಮ್ಯಾಲ ಲಿಂಗಸೂಗೂರಿಗೆ ಒಯ್ರಿ. ಅಲ್ಲಿ ಆಮಿ ಬಗ್ಗೆ ಬಲ್ಲ ಡಾಕ್ಟ್ರು ಒಬ್ಬರದಾರ."

ಮೆಕ್ಯಾನಿಕ್ ಒಲ್ಲದ ಮನಸ್ಸಿನಿಂದ ಅಂಟನ್ನು ಜೇಬಿಗೆ ಹಾಕಿಕೊಂಡ. "ಆತು ಬಿಡ್ರಿ. ವಾಪಸ್ ಬಂದ ಮ್ಯಾಲ ಸೋರ್ತೈತೋ ಇಲ್ಲೋ, ನೀರು ತುಂಬಿ ಟೆಸ್ಟ್ ಮಾಡಿಕೊಡ್ತೀನಿ."

೨. ಮಷೀನಿನಲ್ಲಿ ಇಲ್ಲದ ಪ್ರಯಾಣಿಕ

ಬುಟ್ಟಿಯಲ್ಲಿ ಮೆತ್ತನೆಯ ಟವೆಲ್ ಹಾಸಿ ಮಲ್ಲಣ್ಣನನ್ನು ಮಲಗಿಸಿ ಬಸ್ಸು ಹತ್ತಿದೆ. ಗಳಿಗೆಗೊಮ್ಮೆ ಬಟ್ಟೆ ಸರಿಸಿ ಉಸಿರಿದೆಯೋ ಇಲ್ಲವೋ ನೋಡುತ್ತಿದ್ದೆ. ಅದು ತಲೆ ಒಳಗೆಳೆದುಕೊಂಡಿತ್ತು, ಏನೂ ತಿಳಿಯುತ್ತಿರಲಿಲ್ಲ.

"ಬುಟ್ಟ್ಯಾಗ ಏನ್ರಿ?" ಎಂದ ಕಂಡಕ್ಟರ್.

"ಆಮೆ ರೀ. ಪೇಷಂಟು."

ಅವನು ಟಿಕೇಟ್ ಮಷೀನು ಒತ್ತಿ ಒತ್ತಿ ನೋಡಿದ. "ಕೋಳಿ ಐತಿ, ನಾಯಿ ಐತಿ. ಆಮಿ ಇಲ್ಲಲ್ರಿ!"

"ಕೋಳಿ ಅಂತ ಹರೀರಿ," ಎಂದರು ಹಿಂದಿನ ಸೀಟಿನವರು. "ಕೋಳಿಗೆ ಎರಡ ಕಾಲು, ಇದಕ್ಕ ನಾಕು. ಹೆಂಗ ಆಕ್ಕತಿ?" ಎಂದರು ಮುಂದಿನವರು. ಮಸ್ಕಿ ಬರುವವರೆಗೂ ಚರ್ಚೆ ನಡೆಯಿತು. ನನಗೆ ಅಳು ಒತ್ತರಿಸಿ ಬರುತ್ತಿತ್ತು. ಅದನ್ನು ನೋಡಿದ ಕಂಡಕ್ಟರನಿಗೆ ಕನಿಕರ ಹುಟ್ಟಿತು.

"ಹೋಗ್ಲಿ ಬಿಡ್ರಿ, ಸೀಟಂತೂ ಹಿಡದಿಲ್ಲ. ಆದ್ರ ಡ್ರೈವರ್‌ಗೆ ತೋರಿಸಬ್ಯಾಡ್ರಿ. ಅಂವ ಮೊದಲ ನಿಧಾನ ಹೊಡೀತಾನ, ಇದನ್ನ ನೋಡಿದ್ರ ಜೋಡಿ ಸಿಕ್ತು ಅಂತಾನ."

೩. ಡಾಕ್ಟರು ಹೇಳಿದ್ದು

ಲಿಂಗಸೂಗೂರಿನ ಡಾಕ್ಟರು ಬ್ಯಾಟರಿ ಬಿಟ್ಟು ಗಾಯ ನೋಡಿದರು. "ಸೀಳು ಒಳಗ ಇಳಿದಿಲ್ಲ. ಬದುಕ್ತೈತಿ. ಆದ್ರ ಗಾಯ ಒಣಗಬೇಕು. ದಿನಕ್ಕ ಸ್ವಲ್ಪ ಹೊತ್ತು ಮಾತ್ರ ನೀರಾಗ ಬಿಡ್ರಿ, ಆಮ್ಯಾಲ ಒರಸಿ ಒಣ ಡಬ್ಬ್ಯಾಗ ಇಡ್ರಿ. ನೊಣ ಕೂಡಬಾರದು, ಬೆಚ್ಚಗ ಬಲ್ಬ್ ಹಚ್ಚಿಡ್ರಿ. ಅಯೋಡಿನ್ ಔಷಧಕ್ಕ ನೀರು ಬೆರೆಸಿ, ತೆಳು ಚಹಾದ ಬಣ್ಣ ಬಂದ ಮ್ಯಾಲ ಅದರಿಂದ ತೊಳೀರಿ. ಮುಖ್ಯ ಅಂದ್ರ ಅದು ಉಣ್ಣಬೇಕು. ಉಣ್ಣಲಿಲ್ಲ ಅಂದ್ರ ಕಷ್ಟ."

"ಹೆಸರು?" ಎಂದು ಕೇಳಿದರು.

"ಮಲ್ಲಣ್ಣ."

ಅವರು ಅದನ್ನು ಮಗುಚಿ ನೋಡಿ ನಕ್ಕರು. "ಇದು ಹೆಣ್ಣು ರೀ."

ಚಿಪ್ಪು ಒಡೆಸಿದ್ದು ಸಾಲದೆಂದು, ಅವರು ಶ್ರೀಶೈಲದಿಂದ ಬರುವಷ್ಟರಲ್ಲಿ ಅವರ ಮಗನನ್ನು ಹೆಣ್ಣೂ ಮಾಡಿಟ್ಟಿದ್ದೆ.

೪. ಮಾತಾಡಿಸಲು ಬಂದವರು

ಸುದ್ದಿ ಓಣಿಗೆಲ್ಲ ಹಬ್ಬಿತು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ಮಾತಾಡಿಸಿ ಬರದೆ ಇರುವುದಿಲ್ಲ. ಬಾಳೆಹಣ್ಣು ಬಂತು, ಬ್ರೆಡ್ ಬಂತು. ಅದೆಲ್ಲ ಇರಲಿ. ಆದರೆ ಕಾಲುವೆ ನೀರಿನ ಸೀಮೆಯ ಜನರಿಗೆ ಒಣ ಡಬ್ಬಿಯಲ್ಲಿ ಆಮೆಯನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಡಬ್ಬಿ ಒದ್ದೆ! ಒರೆಸುತ್ತೇನೆ, ಮತ್ತೆ ಒದ್ದೆ. ಗಾಯ ಕೊಳೆತರೆ ಅಕ್ಕಾರಿಗೆ ಯಾವ ಮುಖ ತೋರಿಸಲಿ ಎಂದು ಡಬ್ಬಿಗೆ ಕಾವಲು ಕೂತೆ.

ಕೊನೆಗೆ ಗೊರೇಬಾಳದಿಂದ ಹಾಲು ತರುವ ಅಜ್ಜಿ ಚೊಂಬಿನ ಸಮೇತ ಸಿಕ್ಕಿಬಿದ್ದಳು. "ನೀರು ಹಾಕಬ್ಯಾಡ ಅಂತ ಡಾಕ್ಟ್ರು ಹೇಳ್ಯಾರಬೇ!" ಎಂದು ಕೂಗಿದೆ.

"ಹೇಳ್ಲಿ ಬಿಡ. ನಾ ಮನಷ್ಯಾರು ಕುಡಿಯೋ ಹಾಲಿಗೇ ನೀರು ಹಾಕೋದು ಬಿಟ್ಟಿಲ್ಲ, ಆಮಿಗೆ ಬಿಡ್ತೀನೇನು?" ಎಂದಳು.

ಅದೇ ಹೊತ್ತಿಗೆ ಮೆಕ್ಯಾನಿಕ್ ಕಟ್ಟೆಯ ಮೇಲೆ ಕೂತು ಸ್ಟೀಲ್ ಲೋಟ ಬಾಯಿಯ ಹತ್ತಿರ ಒಯ್ಯುತ್ತಿದ್ದ. ಅದು ಗಾಯ ತೊಳೆಯಲು ಬೆರೆಸಿಟ್ಟ ಅಯೋಡಿನ್! ಚೀರಿ ಕಸಿದುಕೊಂಡೆ. ಅವನು ನೊಂದುಕೊಂಡು ಅಂದ: "ನಮಗ ಹಾಲಿಲ್ಲದ ಚಹಾ ಇಟ್ರೂ ಕುಡೀತೀವಿ ಟೀಚರ್. ಹಿಂಗ ಕಸಗೊಬಾರದು."

೫. ಪಾಲಕ್

ಗಾಯ ಒಣಗತೊಡಗಿತು. ಆದರೆ ಮಲ್ಲಣ್ಣ ಉಣ್ಣಲಿಲ್ಲ. ಪಾಲಕ್ ಇಟ್ಟೆ, ಸಣ್ಣಗೆ ಹೆಚ್ಚಿಟ್ಟೆ, ನೀರಿನಲ್ಲಿ ತೇಲಿಬಿಟ್ಟೆ. ಮುಖ ತಿರುಗಿಸಿತು. ಡಾಕ್ಟರಿಗೆ ಫೋನ್ ಮಾಡಿದರೆ "ಮೀನು ಹಾಕಿ ನೋಡ್ರಿ" ಎಂದರು. ಅಂಥ ನೇಮಸ್ಥರ ಮನೆಯೊಳಗೆ ಮೀನು ತರುವುದು ಹೇಗೆ? ತರದೆ ಅದನ್ನು ಉಳಿಸುವುದು ಹೇಗೆ? ಊಟ ನನಗೂ ಸೇರದಾಯಿತು. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು.

ಅಕ್ಕಾರು ಇಳಿದದ್ದೇ ತಡ, ನಾನು ಅಳುತ್ತ ಎಲ್ಲ ಹೇಳಿಬಿಟ್ಟೆ. ಅವರು ಡಬ್ಬಿಯ ಮುಂದೆ ಕೂತರು. ಕಣ್ಣು ತುಂಬಿ ಬಂದವು. ಬಯ್ಯಲಿಲ್ಲ. "ಕೋತಿ ಒಯ್ದ್ರ ನೀ ಏನ ಮಾಡ್ತಿ ತಂಗಿ? ಜೀವ ಐತಲ್ಲ. ಏನ ಹಾಕಿದಿ ಇದಕ್ಕ?"

"ನೀವು ಹೇಳಿದಂಗ ಪಾಲಕ್ ರೀ. ಮುಟ್ಟವಲ್ದು."

ಅಕ್ಕಾರು ಬಾಗಿಲ ಕಡೆ ನೋಡಿದರು. ಮೇಲೆ ಹೋಗಿ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಬಂದರು: ಒಂದು ಹಿಡಿ ಒಣ ಸೀಗಡಿ! ನೀರಿನಲ್ಲಿ ಬಿಟ್ಟ ಕೂಡಲೇ ಮಲ್ಲಣ್ಣ ಗಬಕ್ಕನೆ ಬಾಯಿ ಹಾಕಿತು. ನನಗೆ ಹೋದ ಜೀವ ಬಂದಂತಾಯಿತು.

"ಸಾವಕಾರ್ರಿಗೆ ಗೊತ್ತಾದ್ರ ಆಮಿನೂ ಹೊರಗ, ನಾನೂ ಹೊರಗ. ಬಾಯಿ ಬಿಡಬ್ಯಾಡವ್ವ," ಎಂದು ಪಿಸುಗುಟ್ಟಿ ಹೋದರು.

ಸಂಜೆ ಸಾಹುಕಾರರೇ ಕೆಳಗಿಳಿದು ಬಂದರು. ಹಣೆ ತುಂಬ ವಿಭೂತಿ.

"ಉಂಡತೇನ್ರಿ ಟೀಚರ್?"

"ಉಂಡತ್ರಿ."

"ಏನ ಉಂಡತು?"

"ಪಾ... ಪಾಲಕ್ ರೀ."

ಸಾಹುಕಾರರು ನನ್ನನ್ನು ದಿಟ್ಟಿಸಿದರು. ಮೇಲಿನ ಕಿಟಕಿಯತ್ತ ಒಮ್ಮೆ ಕಣ್ಣು ಹಾಯಿಸಿ, ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಬಸ್ ಸ್ಟ್ಯಾಂಡ್ ಮುಂದಿನ ಬಂಡಿಯಲ್ಲಿ ಮಾರುವ, ಬೇಯಿಸಿ ಸುಲಿದ ತತ್ತಿ.

"ಸುಳ್ಳು ಯಾಕ ಹೇಳ್ತೀರಿ? ಅದು ಹುಟ್ಟಿದಾಗಿಂದ ಪಾಲಕ್ ಮುಟ್ಟಿಲ್ಲ. ತಗೋರಿ, ಇದನ್ನ ಹಾಕ್ರಿ. ನಮ್ಮ ಮನ್ಯಾಕಿಗೆ ಮಾತ್ರ ಹೇಳಬ್ಯಾಡ್ರಿ. ಪಾಪ, ಆಕಿ ಭಾಳ ನೇಮದಾಕಿ."