ದುರ್ಬೀನಿನ ಕಾಲು

ಮೇಷ್ಟ್ರು ಸುಳ್ಳು ಹೇಳುವುದಿಲ್ಲ ಎಂದು ಊರವರು ನಂಬಿರುತ್ತಾರೆ. ಹೇಳುತ್ತೇವೆ. ಸೀಮೆಸುಣ್ಣ ಹಿಡಿದು, ಬೋರ್ಡಿನ ಕಡೆ ಮುಖ ಮಾಡಿ ಹೇಳುವುದರಿಂದ ಅದು ಪಾಠದ ಹಾಗೆ ಕೇಳಿಸುತ್ತದೆ, ಅಷ್ಟೆ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ನಾನು ಹನ್ನೊಂದು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೆ. ಪ್ರತಿ ವರ್ಷವೂ ಶನಿಗ್ರಹದ ಚಿತ್ರ ಬರೆದು, ಸುತ್ತ ಬಳೆ ಎಳೆದು, ಅದರ ಚೆಲುವನ್ನು ಬಣ್ಣಿಸುತ್ತಿದ್ದೆ. ಎಂಬತ್ತರ ದಶಕದ ಆರಂಭದಲ್ಲಿ, ಬೇಸಿಗೆ ರಜೆಗೆ ಇನ್ನೇನು ವಾರವಿದೆ ಎನ್ನುವಾಗ, ಒಂಬತ್ತನೇ ಕ್ಲಾಸಿನ ಹುಲಿಗೆಮ್ಮ ಎದ್ದು ನಿಂತು, "ಸಾರ್, ನೀವು ಕಣ್ಣಾರ ನೋಡೀರೇನ್ರಿ?" ಎಂದಳು. "ನೋಡೀನಿ" ಎಂದುಬಿಟ್ಟೆ. "ಹಂಗಾರ ನಮಗೂ ತೋರಸ್ರಿ." "ರಜಾ ಮುಗೀಲಿ" ಎಂದೆ. ರಜೆಯಲ್ಲಿ ಮಕ್ಕಳು ಎಲ್ಲವನ್ನೂ ಮರೆಯುತ್ತಾರೆ ಎಂಬುದು ನನ್ನ ಅನುಭವ. ಹುಲಿಗೆಮ್ಮನ ವಿಷಯದಲ್ಲಿ ಆ ಅನುಭವ ಕೆಲಸಕ್ಕೆ ಬರುವಂತಿರಲಿಲ್ಲ. ಲೈನ್‌ಮನ್ ದುರುಗಪ್ಪನ ಈ ಮಗಳು, ನಾನು ಕೂಡುವಾಗ ತಪ್ಪಿ ಹೆಚ್ಚಿಗೆ ಕೊಟ್ಟಿದ್ದ ಅರ್ಧ ಅಂಕವನ್ನು ಹಿಂದಿರುಗಿಸಲು ನಮ್ಮ ಮನೆವರೆಗೂ ಬಂದಿದ್ದವಳು.

ಹೀಗೆ, ಆಡಿದ ಸುಳ್ಳನ್ನು ನಿಜ ಮಾಡುವುದಕ್ಕಾಗಿ ನಾನು ದುರ್ಬೀನು ಕೊಳ್ಳಲು ದಾವಣಗೆರೆಗೆ ಹೋದೆ. ಕನ್ನಡಕದ ಅಂಗಡಿಯೊಂದರಲ್ಲಿ ಎರಡಿದ್ದವು. ಒಂದು ಗಿಡ್ಡ, ಅದರ ಸ್ಟ್ಯಾಂಡು ಮಾತ್ರ ಒನಕೆಯಷ್ಟು ದಪ್ಪ ಕಾಲುಗಳದ್ದು. ಇನ್ನೊಂದು ಉದ್ದ, ಬಿಳುಪು, ಥಳಥಳ. ಡಬ್ಬಿಯ ಮೇಲೆ 'ನಾನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ' ಎಂಬ ಬರಹ. ಅದರ ಕಾಲುಗಳು ಕೊಕ್ಕರೆಯವು. ಅಂಗಡಿಯವರು ಸಜ್ಜನರು. "ಕೊಳವೆ ನೋಡಿ ಮರುಳಾಗಬೇಡಿ ಸಾರ್, ಕಾಲು ನೋಡಿ. ಅಲ್ಲಾಡಿದರೆ ಏನೂ ಕಾಣಲ್ಲ" ಎಂದರು. ನಾನು ವಿಜ್ಞಾನದ ಮೇಷ್ಟ್ರು, ಅವರು ಕನ್ನಡಕ ಮಾರುವವರು. ಅಲ್ಲದೆ ನಾನು ಸೈಕಲ್ಲನ್ನು ಗಂಟೆಯ ಸದ್ದು ಕೇಳಿ ಕೊಂಡವನು. ಉದ್ದದ್ದನ್ನೇ ಕಟ್ಟಿಸಿಕೊಂಡೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿದಾಗ ಪಕ್ಕದಲ್ಲಿದ್ದ ಹಿರಿಯರು, "ಏನ್ರಿ ಇದು, ಬೋರಿನ ಪೈಪಾ?" ಎಂದು ಕೇಳಿದರು. "ದುರ್ಬೀನ್ರಿ. ಗ್ರಹ ನೋಡಾಕ." ಅವರ ಮುಖ ಮೆತ್ತಗಾಯಿತು. "ಗ್ರಹಗತಿ ಅಷ್ಟು ಕೆಟ್ಟೈತೇನ್ರಿ?" ಎಂದು ಕೇಳಿ, ಕಿಟಕಿಯ ಪಕ್ಕದ ತಮ್ಮ ಜಾಗವನ್ನು ನನಗೆ ಬಿಟ್ಟುಕೊಟ್ಟರು.

ಮನೆಯಲ್ಲಿ ಹೆಂಡತಿ ಗಿರಿಜಾ, "ಶನೀನ ನೋಡಾಕ ಇಷ್ಟು ದೂರ ಹೋಗಿದ್ರಾ? ಅವನು ಬ್ಯಾಡಂದ್ರೂ ಮನಿಗೆ ಬರ್ತಾನ" ಎಂದಳು. ಅಂದು ಸಂಜೆ ಅವನು ಬಂದ, ಆದರೆ ನಿಲ್ಲಲಿಲ್ಲ. ನಾನೂರು ಪಟ್ಟಿನ ಮಸೂರದಲ್ಲಿ ಮಜ್ಜಿಗೆಯಂಥ ಒಂದು ಬೆಳಕು ಈ ಕಡೆಯಿಂದ ಆ ಕಡೆಗೆ ಓಡಿ ಹೋಯಿತು. ಮುಟ್ಟಿದರೆ ನಡುಗುತ್ತಿತ್ತು, ಮುಟ್ಟದಿದ್ದರೆ ಗಾಳಿಗೆ ನಡುಗುತ್ತಿತ್ತು, ನಾನು ಉಸಿರು ಬಿಟ್ಟರೂ ನಡುಗುತ್ತಿತ್ತು. ಮರುದಿನದಿಂದ ದುರ್ಬೀನನ್ನು ಮಂಚದ ಕಾಲಿಗೆ ಕಟ್ಟಿದೆ, ಏಣಿಗೆ ಕಟ್ಟಿದೆ, ಕೊನೆಗೆ ಕಿಟಕಿಯ ಸರಳಿಗೂ ಕಟ್ಟಿದೆ. ಕಿಟಕಿಗೆ ಕಟ್ಟಿದಾಗ ಬಿಗಿಯಾಗಿ ನಿಂತಿತು. ಎದುರುಮನೆಯ ಗೋಡೆ ಬಿಟ್ಟು ಬೇರೇನೂ ಕಾಣಲಿಲ್ಲ. ರಜೆ ಕರಗುತ್ತಾ ಬಂತು. ಬಜಾರಿನಲ್ಲಿ ಹುಲಿಗೆಮ್ಮ ಕಂಡರೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ. ಅರ್ಧ ಅಂಕ ವಾಪಸು ಕೊಟ್ಟ ಹುಡುಗಿಗೆ ನಾನು ಏನೆಂದು ಹೇಳಲಿ?

ಒಂದು ದಿನ ಗಿರಿಜಾ ತೊಗರಿ ಒಡೆಯುತ್ತಿದ್ದಳು. ನಾನು ಎದುರಿಗೆ ಕುಳಿತು ಬೀಸುವ ಕಲ್ಲನ್ನೇ ನೋಡುತ್ತಿದ್ದೆ. ಕೆಳಗಿನ ಕಲ್ಲು ಕದಲದು. ಮೇಲಿನದು ನಡುವಿನ ಗೂಟದ ಮೇಲೆ ನುಣ್ಣಗೆ ತಿರುಗುತ್ತದೆ. "ಇದರ ಮ್ಯಾಲ ದುರ್ಬೀನು ಕೂಡಿಸಿದ್ರ?" ಎಂದೆ. ಅವಳು ಬೀಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಬ್ಯಾಳಿ ಮುಗೀಲಿ" ಎಂದಳು. ಬಡಗಿ ಮೌನೇಶಪ್ಪ ಮೇಲುಗಲ್ಲಿಗೆ ಒಂದು ಕವೆಕೋಲು ಕೂರಿಸಿ, ಕೊಳವೆ ಮೇಲೆ ಕೆಳಗೆ ಬಾಗುವ ಹಾಗೆ ಮಾಡಿಕೊಟ್ಟ. ಕಲ್ಲನ್ನು ನಾವು ಮೂವರೂ ಸೇರಿ ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟೆವು. ಕತ್ತಲಾದೊಡನೆ ನೋಡಿದೆ. ನಡುಕ ನಿಂತಿತ್ತು, ಮಜ್ಜಿಗೆ ಹಾಗೆಯೇ ಇತ್ತು. "ಡಬ್ಬ್ಯಾಗ ಇನ್ನೊಂದು ಮಸೂರ ಐತಲ್ರಿ, ಅದನ್ನ ಹಾಕ್ರಿ" ಎಂದಳು ಗಿರಿಜಾ. ಅದು ಬರೀ ಐವತ್ತು ಪಟ್ಟಿನದು, ಅದಕ್ಕೇ ನಾನು ಹೊರಗೆ ತೆಗೆದಿರಲಿಲ್ಲ. ಹಾಕಿ, ಕಲ್ಲು ಹಿಡಿದುಕೊಂಡು, ನೀನೇ ನೋಡು ಎಂದೆ. ಅವಳು ಬಗ್ಗಿದಳು. ಸೆರಗಿನಿಂದ ಒಂದು ಕಣ್ಣು ಮುಚ್ಚಿಕೊಂಡಳು. ಆಮೇಲೆ, "ರೀ, ಇದಕ್ಕ ಕಿವಿ ಅದಾವ" ಎಂದಳು. ನಾನೂ ನೋಡಿದೆ. ಸಾಸಿವೆಯಷ್ಟು ಸಣ್ಣದು, ಬಳೆಸಮೇತ, ಗಾಳಿಯಲ್ಲಿ ಸುಮ್ಮನೆ ನಿಂತಿತ್ತು. ಹನ್ನೊಂದು ವರ್ಷದ ಪಾಠವನ್ನು ಮತ್ತೆ ಮೊದಲಿನಿಂದ ಹೇಳಬೇಕು ಎನಿಸಿತು.

ಮರುದಿನವೇ ಸ್ಕೂಲು ತೆರೆಯಿತು. ಹುಲಿಗೆಮ್ಮ ಗೇಟಿನಲ್ಲೇ ಕಾದಿದ್ದಳು. ಸಂಜೆ ಏಳೂವರೆಗೆ ಹತ್ತನೇ ಕ್ಲಾಸು ಪೂರ್ತಿ ನಮ್ಮ ಕಟ್ಟೆಯ ಮುಂದೆ ಸಾಲು ನಿಂತಿತು. ಬೀದಿದೀಪ ಕಣ್ಣಿಗೆ ಹೊಡೆಯುತ್ತದೆ ಎಂದಾಗ ಮಗಳ ಜೊತೆ ಬಂದಿದ್ದ ದುರುಗಪ್ಪ ಕಂಬದ ಹತ್ತಿರ ಹೋಗಿ ಬಂದ, ದೀಪ ಆರಿತು. ದೀಪ ಯಾಕೆ ಹೋಯಿತೆಂದು ಕೇಳಲು ಬಂದ ಓಣಿಯವರೂ ಸಾಲಿನಲ್ಲಿ ಸೇರಿಕೊಂಡರು. ಮೊದಲು ಬಗ್ಗಿದವಳು ಹುಲಿಗೆಮ್ಮ. ಅವಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಆಗ ನನಗೆ ತಡೆಯಲಾಗಲಿಲ್ಲ. ಅವಳಿಗೆ ಮಾತ್ರ ಕೇಳುವ ಹಾಗೆ, "ನೋಡವ್ವ, ಅವತ್ತು ನೋಡೀನಿ ಅಂದಿದ್ದು ಸುಳ್ಳು. ನಾನು ನೋಡಿದ್ದು ನಿನ್ನೆ ಸಂಜಿಗೆ" ಎಂದೆ. ಅವಳು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತಿತ್ತು ಬಿಡ್ರಿ ಸಾರ್, ಇಡೀ ಕ್ಲಾಸಿಗೇ ಗೊತ್ತಿತ್ತು," ಎಂದಳು. "ಶನಿ ಆ ಕಡಿಗೆ ಸರದಾನ. ಕಲ್ಲು ಸ್ವಲ್ಪ ತಿರುಗಸ್ರಿ."

ತಿರುಗಿಸಿದೆ.