ಹೂಂ ಅನ್ನದ ಕಾಕಾ

ನಮ್ಮ ಕಾಕಾನ ಬಾಯಿಂದ 'ಹೂಂ' ಎಂಬ ಒಂದಕ್ಷರ ಕೇಳಿದವರು ಕೊಪ್ಪಳ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ಶಾಲು ಹೊದಿಸುತ್ತೇನೆ! ಊಟ ಆಯಿತೇ ಎಂದು ಕೇಳಿದರೂ ಅವರು ಖಾಲಿ ತಟ್ಟೆಯತ್ತ ಕೈ ತೋರಿಸುತ್ತಾರೆಯೇ ಹೊರತು ಹೂಂ ಅನ್ನುವುದಿಲ್ಲ. ಕಾಕಾ ಎಂದರೆ ನಮ್ಮಪ್ಪನ ತಮ್ಮ, ಗಂಗಾವತಿಯಲ್ಲಿ ಗಣಿತದ ಮಾಸ್ತರ. ಸಂಶೋಧನೆ ಮಾತ್ರ ಕಂಪ್ಯೂಟರಿನ ತರ್ಕಶಾಸ್ತ್ರದಲ್ಲಿ. ಅವರ ಬಳಿ ಕಂಪ್ಯೂಟರ್ ಇರಲಿಲ್ಲ. ಒಂದು ಡಬ್ಬಿ ಸೀಮೆಸುಣ್ಣ ಇತ್ತು.

ರಜೆಗೆ ತಾವರಗೇರಾದ ನಮ್ಮ ಮನೆಗೆ ಬಂದರೆ ಆ ಡಬ್ಬಿಯೂ ಬರುತ್ತಿತ್ತು. ಪಡಸಾಲೆಯ ನೆಲದ ತುಂಬ ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಬಾಣ. ಅವ್ವ ಅದನ್ನು ಕೆಟ್ಟು ಹೋದ ರಂಗೋಲಿ ಎಂದುಕೊಂಡು ಎರಡು ಸಲ ಸಾರಿಸಿಬಿಟ್ಟಿದ್ದಳು. ಅದು ಕೆಟಗರಿ ಥಿಯರಿ ಎಂಬ ಗಣಿತವಂತೆ. ಅಪ್ಪ ಒಮ್ಮೆ ಧೈರ್ಯ ಮಾಡಿ ಅರ್ಥ ಕೇಳಿದ.

"ನೋಡಣ್ಣಾ, ಈ ಚುಕ್ಕಿ ತಾವರಗೇರಾ, ಇದು ಕೊಪ್ಪಳ. ಕುಷ್ಟಗಿ ಮ್ಯಾಲೆ ಹೋಗು, ಗಂಗಾವತಿ ಮ್ಯಾಲೆ ಹೋಗು. ಎರಡೂ ದಾರಿ ಕಡೀಕ ಒಂದ ಬಾಣ ಅಂತ ತೋರಿಸಿದ್ರ ನನ್ನ ಕೆಲಸ ಮುಗೀತು."

"ಯಾವ ಬಸ್ಸಿನಾಗ ಸೀಟು ಸಿಗತೈತಿ?"

"ಅದು ಇದರಾಗ ಬರಂಗಿಲ್ಲ."

"ಹಂಗಾರ ಒರಿಸಿಬಿಡು," ಎಂದ ಅಪ್ಪ.

ಬಾಣಗಳನ್ನಾದರೂ ದಾಟಿಕೊಂಡು ಓಡಾಡಬಹುದಿತ್ತು, ಅವರ ತರ್ಕವನ್ನು ದಾಟುವುದು ಹೇಗೆ? ಒಂದು ದಿನ ಪಕ್ಕದ ಮನೆಯ ಹಿರಿಯರು ಬಂದರು. ಚಹಾ ಮಾಡಲೇ ಎಂದು ಅವ್ವ ಕೇಳಿದಳು. "ಬ್ಯಾಡ ಅನ್ನಂಗಿಲ್ಲ ಬಿಡವ್ವಾ," ಎಂದರು ಅವರು. ನಮ್ಮ ಕಡೆ ಹಾಗೆಂದರೆ ತುಂಬಿದ ಕಪ್ಪು ಬರಲಿ ಎಂದರ್ಥ. ಕಾಕಾ ತಲೆಯೆತ್ತಿದರು.

"ವೈನಿ, ತಡೀರಿ. ಅವರು ಬೇಕು ಅಂದಿಲ್ಲ."

ಅವರ ತರ್ಕದಲ್ಲಿ 'ಇಲ್ಲ ಎನ್ನಲಾಗದು' ಎಂದರೆ 'ಇದೆ' ಎಂದಲ್ಲ. ಇದೆ ಎನ್ನುವವರು ತಂದು ಕೈಯಲ್ಲಿ ಇಡಬೇಕು. ಕಳೆದ ಕೀಲಿಕೈ ಮನೆಯಲ್ಲಿ ಇರದೆ ಎಲ್ಲಿ ಹೋಗುತ್ತದೆ ಎಂದು ನಾವು ಸಮಾಧಾನಪಟ್ಟರೆ ಬಾಗಿಲು ತೆರೆಯುತ್ತದೆಯೇ? ಇಷ್ಟು ಪಾಠ ಮುಗಿಯುವಷ್ಟರಲ್ಲಿ ಹಿರಿಯರು ಚಹಾ ಇಲ್ಲದೆ ಎದ್ದು ಹೋಗಿದ್ದರು. ಮುಂದಿನ ಸಲ ಅವರು ಹೊಸ್ತಿಲಲ್ಲೇ ನಿಂತು "ಬೇಕು" ಎಂದು ಕೂಗಿ ಒಳಗೆ ಬಂದರು.

ಇದನ್ನೆಲ್ಲ ನಗುತ್ತ ಹೇಳುತ್ತಿದ್ದೇನೆ. ನನ್ನನ್ನು ನೋಡಲು ಹನುಮಸಾಗರದವರು ಬಂದ ದಿನ ಮಾತ್ರ ನನಗೆ ನಗು ಬಂದಿರಲಿಲ್ಲ. ನನ್ನ ಬಿ.ಎಸ್ಸಿ. ಕೊನೆಯ ವರ್ಷ ಬಾಕಿ ಇತ್ತು. ಮದುವೆಯಾದರೆ ಓದು ನಿಲ್ಲುತ್ತದೆ ಎಂದು ಅವರು ಮೂರು ದಿನ ಮೊದಲೇ ಹೇಳಿಕಳಿಸಿದ್ದರು. ಅಪ್ಪನಿಗೆ ಆ ಮನೆತನ ಮನಸ್ಸಿಗೆ ಬಂದಿತ್ತು. ಅಪ್ಪನೆದುರು ಬಾಯಿ ತೆರೆಯುವ ಶಕ್ತಿ ನನಗಿರಲಿಲ್ಲ.

"ಹುಡುಗ ಒಪ್ಪಿಗಿ ಏನವ್ವಾ?" ಎಂದು ಅವರ ಕಡೆಯ ಹಿರಿಯರು ಕೇಳಿದರು.

"ಒಲ್ಲೆ ಅನ್ನಂಗಿಲ್ರಿ," ಎಂದೆ ತಲೆ ತಗ್ಗಿಸಿ.

ಅಷ್ಟೇ ಸಾಕು, ಒಪ್ಪಿಗೆಯ ಸಕ್ಕರೆ ಹಂಚಲು ಅವ್ವ ತಟ್ಟೆ ಎತ್ತಿಕೊಂಡಳು. ಮೂಲೆಯಿಂದ ಕಾಕಾನ ದನಿ ಬಂತು.

"ತಡೀರಿ. ಆಕಿ ಹೂಂ ಅಂದಿಲ್ಲ."

"ಒಲ್ಲೆ ಅನ್ನಂಗಿಲ್ಲ ಅಂದ್ರ ಹೂಂ ಅಂದಂಗ ಅಲ್ಲೇನ್ರಿ, ಮಾಸ್ತರ?"

"ಅಲ್ರಿ." ಕಾಕಾ ನನ್ನತ್ತ ತಿರುಗಿದರು. "ಹೂಂ ಅನ್ನೂದಿದ್ರ ಅನ್ನವ್ವಾ. ಕಾಯ್ತೀವಿ."

ಎಲ್ಲರೂ ಕಾದರು. ನನ್ನ ಬಾಯಿಂದ ಅದು ಹೊರಡಲಿಲ್ಲ. ಹನುಮಸಾಗರದವರು ಸಕ್ಕರೆ ಮುಟ್ಟದೆ ಎದ್ದರು. ಅಪ್ಪ ತಮ್ಮನಿಗೆ ಒಂದೇ ಮಾತು ಹೇಳಿದ: "ಇನ್ನ ಈ ಮನಿಗೆ ಬರಬ್ಯಾಡ."

ಸೀಮೆಸುಣ್ಣದ ಡಬ್ಬಿ ಕೈಚೀಲಕ್ಕೆ ಹಾಕಿಕೊಂಡು ಕಾಕಾ ಹೊರಟರು. ನಾನು ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹೋದೆ. ಅಣ್ಣನ ಮನೆ ಬಿಟ್ಟರೆ ಅವರಿಗೆ ತಮ್ಮವರೆನ್ನುವ ಬೇರೆ ಮನೆ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಗಂಗಾವತಿ ಬಸ್ಸು ಬಂದು ನಿಂತಾಗ ಕೇಳಿಯೇ ಬಿಟ್ಟೆ.

"ಕಾಕಾ, ನೀ ನನ್ನ ಸಲುವಾಗಿ ತಡದಿ ಏನು?"

ಅಲ್ಲ ಅನ್ನಲಾಗದು ಎಂದೇನೋ ಹೇಳುತ್ತಾರೆ ಎಂದುಕೊಂಡಿದ್ದೆ.

"ಹೂಂ," ಎಂದರು ಕಾಕಾ. ಮೆಟ್ಟಿಲ ಮೇಲೆ ಕಾಲಿಟ್ಟು ಮತ್ತೆ ತಿರುಗಿದರು. "ಮೂರು ದಿನದಿಂದ ನಿನ್ನ ಪುಸ್ತಕ ಒಂದ ಪುಟದಾಗ ತೆರದು ಬಿದ್ದೈತಿ. ನನಗ ಅಷ್ಟು ಸಾಕಾತು."

ಬಸ್ಸು ಹೋದ ಮೇಲೆ ಅಲ್ಲೇ ನಿಂತು ಅತ್ತೆ. ಮನೆಗೆ ಬಂದು ಆ ಪುಟ ತಿರುವಿದೆ.