ಮಕ್ಕಳಿಗೆ ಆಗುವ ಸಮುದ್ರ

ನನ್ನ ಬಾಯಿ ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ. ಅದು ಬಿದ್ದ ಹೊಂಡಕ್ಕೇ ಹಿಂದಿನಿಂದ ಹೋಗಿ ನಾನೂ ಬೀಳುತ್ತೇನೆ. ಕಲ್ಕತ್ತೆಗೆ ಬಂದ ಮೇಲೆ ಇದು ವಾರಕ್ಕೊಮ್ಮೆಯ ಕಾರ್ಯಕ್ರಮ. ಆದರೆ ಎಪ್ಪತ್ತರ ಆಚೀಚೆಯ ಒಂದು ದುರ್ಗಾಪೂಜೆ ರಜೆಯಲ್ಲಿ ಒಂದೇ ಹೊಂಡಕ್ಕೆ ಮತ್ತೆ ಮತ್ತೆ ಬಿದ್ದೆ.

ಅಲೆಯ ಮಗ

ಬ್ಯಾಂಕಿನಲ್ಲಿ ನಾನು ಆಗ ಹೊಸ ಗುಮಾಸ್ತ. ಹೆಡ್ ಕ್ಲರ್ಕ್ ರಾಯರು ಧಾರವಾಡದವರು. ಬಾಲಿಗಂಜ್‌ನ ತಮ್ಮ ಬಾಡಿಗೆ ಮನೆಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ನನ್ನನ್ನು ಮಾಮಾ ಎನ್ನುತ್ತಿದ್ದರು. ಇಬ್ಬರೂ ಹುಟ್ಟಿದ್ದು ಇಲ್ಲೇ. ಮನೆಯ ಹತ್ತಿರದ ಕೆರೆಯನ್ನೇ ಸಮುದ್ರ ಅಂದುಕೊಂಡಿದ್ದರು.

"ಈ ಪೂಜಾ ಸೂಟಿಯೊಳಗ ಹುಡುಗರಿಗೆ ಖರೇ ಸಮುದ್ರ ತೋರಸಬೇಕರೀ," ಎಂದರು ಅಕ್ಕ. "ದೀಘಾನೋ, ಪುರೀನೋ? ಸಣ್ಣ ಹುಡುಗರಿಗೆ ಯಾವುದು ಆದೀತು? ನಮ್ಮ ಬಯಲುಸೀಮಿಯವರಿಗೆ ಏನು ತಿಳೀತದ?"

ರಾಯರು ಬಾಯಿ ತೆರೆಯುವ ಮೊದಲು ನಾನು ತೆರೆದೆ. "ಅದು ನನಗೆ ಬಿಡಿ ಅಕ್ಕಾ. ನಾನು ಕರಾವಳಿಯವ. ನಮ್ಮಲ್ಲಿ ಮಗು ಹುಟ್ಟಿದರೆ ಮೊದಲು ಅಲೆಗೆ ತೋರಿಸ್ತಾರೆ, ಆಮೇಲೆ ತಾಯಿಗೆ."

ನಿಜ ಹೇಳಿಬಿಡುತ್ತೇನೆ. ನಮ್ಮ ಹಳ್ಳಿಗೂ ಸಮುದ್ರಕ್ಕೂ ನಡುವೆ ಮೂರು ಗುಡ್ಡ, ಎರಡು ಬಸ್ಸು. ಈಜು ಬಿಡಿ, ಬಾವಿಕಟ್ಟೆಯಲ್ಲಿ ಬಗ್ಗಿ ನೋಡಿದರೂ ನನಗೆ ತಲೆ ತಿರುಗುತ್ತಿತ್ತು. ಆದರೆ ಆ ಮನೆಯಲ್ಲಿ ನನಗಿದ್ದ ಮಾನ ಅದೊಂದೇ: ಸಮುದ್ರದವ. ಅದು ಹೋದರೆ ನಾನು ಬರೀ ಎರಡು ರೊಟ್ಟಿ ಹೆಚ್ಚಿಗೆ ತಿನ್ನುವವ.

ರಾಯರು ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ನಿನ್ನ ಅಲೆಗೆ ತೋರಿಸಿದಾಗ ಅದು ಏನಂತು? ವಾಪಸ್ ಒಯ್ರಿ ಅಂತೇನು?"

ತಜ್ಞರ ಅಭಿಪ್ರಾಯ

ಒಪ್ಪಿಕೊಂಡ ಮೇಲೆ ವಿಚಾರಿಸಬೇಕಲ್ಲ. ಹಡಗಿನವರನ್ನೇ ಕೇಳೋಣವೆಂದು ರಾಯರ ಹುಡುಗಿಯನ್ನು ಟ್ರಾಮ್ ಹತ್ತಿಸಿಕೊಂಡು ಖಿದಿರ್‌ಪುರಕ್ಕೆ ಹೋದೆ. ಹಡಗುಕಟ್ಟೆಯ ಹೊರಗಿನ ಚಹಾದಂಗಡಿಯಲ್ಲಿ ನಮ್ಮ ಕಡೆಯ ಮುದುಕ ಖಲಾಸಿಯೊಬ್ಬ ಸಿಕ್ಕಿದ. ಮೂವತ್ತು ವರ್ಷ ಹಡಗಿನಲ್ಲಿ ದುಡಿದವ.

"ಚಿಕ್ಕ ಮಕ್ಕಳಿಗೆ ಯಾವ ಸಮುದ್ರ ಒಳ್ಳೇದು?" ಎಂದೆ.

"ದೀಘಾ. ಅಲೆ ಸಣ್ಣದು. ಪುರಿಯ ಅಲೆ ಕಾಲ ಕೆಳಗಿನ ಹೊಯಿಗೆಯನ್ನೇ ಎಳ್ಕೊಂಡು ಹೋಗ್ತದೆ. ಅಲ್ಲ, ನೀನು ಯಾವ ಊರಿನವ?"

ಹೆಮ್ಮೆಯಿಂದ ಊರಿನ ಹೆಸರು ಹೇಳಿದೆ.

ಮುದುಕ ಚಹಾದ ಮಣ್ಣಿನ ಕುಡಿಕೆ ಕೆಳಗಿಟ್ಟು ನಕ್ಕ. "ಅಲ್ಲಿ ಎಲ್ಲಿ ಉಂಟು ಮಾರಾಯ ಸಮುದ್ರ? ನಿಮ್ಮೂರಿಗೆ ಹಸಿ ಮೀನು ಬರುವುದೇ ಒಣಮೀನಾದ ಮೇಲೆ!"

ಹುಡುಗಿಗೆ ಕನ್ನಡ ಮಾತಾಡಲು ಕಷ್ಟ, ಆದರೆ ಕಿವಿ ಚುರುಕು. ಬಾಯಿ ಮುಚ್ಚಿಸಲು ದಾರಿಯಲ್ಲಿ ಎರಡು ಸಂದೇಶ್ ಮಿಠಾಯಿ ಕೊಡಿಸಿದೆ. ಮನೆಗೆ ಬಂದವಳು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ಮಾಮಾನ ಒಂದು ಸೀಕ್ರೆಟ್ ಇದೆ ಅಂತ ಯಾರಿಗೂ ಹೇಳಬಾರದಂತೆ."

ಮಾಸಿಮಾ ಬ್ಯಾಡಂದರು

ದೀಘಾ ಎಂದು ತೀರ್ಪು ಕೊಟ್ಟೆ. ಉಳಿಯಲು ಜಾಗ ಬೇಕಿತ್ತು. ಕೆಳಗಿನ ಮನೆಯ ಒಡತಿ ಬಂಗಾಳಿ ಮುದುಕಿ, ಎಲ್ಲರಿಗೂ ಮಾಸಿಮಾ, ಅಂದರೆ ಚಿಕ್ಕಮ್ಮ. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ನನ್ನನ್ನು ತಡೆದು ನಗುತ್ತಾ ಹೇಳಿದರು: "ದೀಘಾಯ್ ಆಮಾದೇರ್ ಬಾಡಿ ಆಛೇ. ಬ್ಯಾಡಾತೆ ಜಾವ್!"

ನಾನು ಮೂರೇ ತಿಂಗಳಲ್ಲಿ ಬಂಗಾಳಿ ಕಲಿತವನೆಂದು ಬ್ಯಾಂಕಿನಲ್ಲೆಲ್ಲ ಸಾರಿದ್ದೆ. ಬಾಡಿ ಎಂದರೆ ಮನೆ, ಗೊತ್ತು. ಜಾವ್ ಎಂದರೆ ಹೋಗು, ಅದೂ ಗೊತ್ತು. ನಡುವಿನ ಪದವಂತೂ ದಿನಾ ಅಕ್ಕನ ಬಾಯಲ್ಲಿ ಕೇಳುವುದೇ, ಬ್ಯಾಡ. ಭೇಷ್, ಅಕ್ಕನ ಸಹವಾಸದಿಂದ ಮುದುಕಿಗೂ ಧಾರವಾಡ ಕನ್ನಡ ಬಂತು ಅಂದುಕೊಂಡು ಮೇಲೆ ಹೋಗಿ ವರದಿ ಮಾಡಿದೆ: "ಮಾಸಿಮಾಗೆ ದೀಘಾದಲ್ಲಿ ಮನೆ ಉಂಟಂತೆ. ಆದರೆ ನಮಗೆ ಕೊಡುವುದು ಬ್ಯಾಡಂತೆ. ಜಾವ್ ಅಂದುಬಿಟ್ಟರು."

ಅಕ್ಕನ ಮುಖ ಕೆಂಪಾಯಿತು. "ನಾವು ಕೇಳೇ ಇಲ್ಲಲ್ಲ! ಕೇಳದನ ಬ್ಯಾಡ ಅಂತಾರಂದ್ರ ಎಷ್ಟು ಸೊಕ್ಕು ನೋಡ್ರಿ!" ಅಂದಿನಿಂದ ಕೆಳಗಿನ ಮನೆಗೆ ಹೋಗುತ್ತಿದ್ದ ಶೇಂಗಾ ಹೋಳಿಗೆ ನಿಂತಿತು.

ಎರಡು ವಾರದ ಮೇಲೆ ಮಾಸಿಮಾ ಹುಡುಗಿಯನ್ನು ಹಿಡಿದು, ನಿಮ್ಮಮ್ಮನಿಗೆ ಏನು ಕೋಪ ಎಂದು ಕೇಳಿದರಂತೆ. ಹುಡುಗಿ ಕಾರಣ ಹೇಳಿದಾಗ ಮುದುಕಿ ಮೆಟ್ಟಿಲಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹುಡುಗಿ ಓಡಿ ಬಂದು ಹೇಳಿದಳು: "ಮಾಮಾ, ಬುದ್ಧು! ಬ್ಯಾಡಾತೆ ಅಂದ್ರೆ ತಿರುಗಾಡಕ್ಕೆ! ಬ್ಯಾಡಾತೆ ಜಾವ್ ಅಂದ್ರೆ ಹೋಗಿ ಮಜಾ ಮಾಡಿ ಅಂತ!"

ಅಷ್ಟರಲ್ಲಿ ಮಾಸಿಮಾ ಆ ಮನೆಯನ್ನು ಪೂಜೆಯ ರಜೆಗೆಂದು ಅಳಿಯನಿಗೆ ಕೊಟ್ಟಾಗಿತ್ತು. ರಾಯರು ಪುರಿಗೆ ಟಿಕೆಟ್ ತಂದರು. ಅಕ್ಕ ಹೋಳಿಗೆಯ ಡಬ್ಬಿಯನ್ನು ನನ್ನ ಕೈಯಲ್ಲೇ ಕೆಳಗೆ ಕಳಿಸಿದರು. "ಕೊಟ್ಟು ಸುಮ್ಮನ ಬಾ ತಮ್ಮಾ. ನಿನ್ನ ಬಂಗಾಳಿ ಮಾತ್ರ ಅಲ್ಲಿ ಬಡಸಬ್ಯಾಡ."

ಪುರಿಯಲ್ಲಿ ಪರೀಕ್ಷೆ

ಪುರಿಯ ಅಲೆ ನೋಡಿದ ತಕ್ಷಣ ನಾನು ಎಲ್ಲರ ಚಪ್ಪಲಿ ಕಾಯುವ ಕೆಲಸ ವಹಿಸಿಕೊಂಡೆ. ಅಲ್ಲಿ ನುಲಿಯಾಗಳೆಂದು ಇದ್ದಾರೆ, ತಲೆಗೆ ಬಿದಿರಿನ ಚೂಪು ಟೋಪಿ ಹಾಕಿದ ಬೆಸ್ತರು. ಬಂದವರ ಕೈ ಹಿಡಿದು ಸಮುದ್ರಸ್ನಾನ ಮಾಡಿಸುವುದೇ ಅವರ ಕೆಲಸ. ರಾಯರು ಇಬ್ಬರನ್ನು ಗೊತ್ತು ಮಾಡಿದರು. ಒಬ್ಬ ಮಕ್ಕಳಿಬ್ಬರನ್ನೂ ದಡದ ಹತ್ತಿರವೇ ಇಳಿಸಿದ. ಅವರು ಕೇಕೆ ಹಾಕುತ್ತಾ ನೀರೆರಚತೊಡಗಿದರು.

"ಮಾಮಾ, ನೀನು ಒಳಗೆ ಹೋಗಿ ತೋರಿಸು!" ಎಂದಳು ಹುಡುಗಿ. ಅವಳ ಕಣ್ಣಲ್ಲಿ ಖಿದಿರ್‌ಪುರದ ನಗು ಇತ್ತು.

ಮಾನದ ಪ್ರಶ್ನೆ. ಎದೆ ಉಬ್ಬಿಸಿ ಮೊಣಕಾಲಿನವರೆಗೆ ಹೋದೆ. ಇನ್ನೊಬ್ಬ ನುಲಿಯಾ ಬಂದು ಕೈ ಹಿಡಿದ. ಆಗ ಮನೆಯಷ್ಟೆತ್ತರದ ಅಲೆಯೊಂದು ಎದ್ದಿತು. ಹೆದರಿಕೆಯಲ್ಲಿ ಊರ ಕನ್ನಡ ಮರೆತು ಅಕ್ಕನ ಮಾತೇ ಬಾಯಿಗೆ ಬಂತು.

"ಬ್ಯಾಡಾ! ಬ್ಯಾಡಾ!"

ಆತ ದಿನಾ ಬಂಗಾಳಿಗಳನ್ನು ಮೀಯಿಸುವವ. ಮುಖ ಅರಳಿತು. "ಬ್ಯಾಡಾಬೇನ್? ಚೊಲುನ್ ಬಾಬು, ಚೊಲುನ್!" ತಿರುಗಾಡಬೇಕಾ, ನಡೆಯಿರಿ, ಎನ್ನುತ್ತಾ ಸೊಂಟದ ನೀರಿಗೆ ಎಳೆದ.

"ಬ್ಯಾಡಾ!" ಎಂದೆ. ಎದೆಯ ನೀರಿಗೆ ಒಯ್ದ. "ಅಯ್ಯೋ, ಬ್ಯಾಡಾ, ಬ್ಯಾಡಾ!" ಎಂದು ಚೀರಿದೆ. ಇಂಥ ಉತ್ಸಾಹಿ ಗಿರಾಕಿ ಅವನಿಗೆ ಆ ವರ್ಷ ಸಿಕ್ಕಿರಲಿಲ್ಲವೋ ಏನೋ, ಕುತ್ತಿಗೆಯ ನೀರಿಗೆ ಒಯ್ದು ನಾಲ್ಕು ಅಲೆ ದಾಟಿಸಿ ಮುಳುಗಿಸಿ ಎತ್ತಿದ. ದಡದಲ್ಲಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಕೊನೆಗೆ ನನ್ನನ್ನು ಮೂಟೆಯ ಹಾಗೆ ಹೆಗಲ ಮೇಲೆ ಹೊತ್ತು ತಂದು ಅಕ್ಕನ ಕಾಲ ಬಳಿ ಇಳಿಸಿದ. ಕಿವಿಯಿಂದ ನೀರು, ಬಾಯಿಯಿಂದ ನೀರು. ಅಕ್ಕ ಬಗ್ಗಿ ನೋಡಿ, ನಗು ತಡೆದುಕೊಂಡು ಕೇಳಿದರು:

"ಹ್ಯಾಂಗದ ತಮ್ಮಾ ಸಮುದ್ರ? ಸಣ್ಣ ಹುಡುಗರಿಗೆ ಆದೀತೇನು?"

ಉಪ್ಪುನೀರು ಉಗುಳಿ, ಎದ್ದು ಕೂತು, ತಜ್ಞನ ಗತ್ತಿನಲ್ಲೇ ಹೇಳಿದೆ:

"ಸಣ್ಣವರಿಗೆ ಧಾರಾಳ ಆದೀತು ಅಕ್ಕಾ. ದೊಡ್ಡವರಿಗೇ ಸ್ವಲ್ಪ ಕಷ್ಟ."